ಸಾಹೇಬರು ಕೊಟ್ಟ ಬಾಟ್ಲಿ

ಮನೋಳಿಯಲ್ಲಿ ಉದ್ದ ನಾಲಿಗೆಯವರಿಗೆ ಬರವಿಲ್ಲ. ಹೊಳೆಕಡೆಯ ಯಾವ ಕಟ್ಟೆಗೆ ಹೋಗಿ ಕೂತರೂ ನಾಲ್ಕು ಮಂದಿ ಸಿಗುತ್ತಾರೆ. ಆದರೆ ನಾಲಿಗೆಯನ್ನು ನಾಲಿಗೆಯ ಕೆಲಸಕ್ಕೇ ಹಚ್ಚಿದವನು ಮುದಕಪ್ಪ ಒಬ್ಬನೇ. ಅದು ಅವನ ಹೆಂಡತಿ ಶಟ್ಟೆವ್ವನಿಗೆ ಮದುವೆಯಾದ ಮೊದಲ ವಾರದಲ್ಲೇ ಗೊತ್ತಾಗಿತ್ತು. ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟವನೇ, "ಜ್ವಾಳ ಇವತ್ತ ಬ್ಯಾರೆ ಗಿರಣ್ಯಾಗ ಬೀಸಿಸೀಯೇನು?" ಎಂದಿದ್ದ. ಗಿರಣಿ ಬೇರೆಯೇ ಆಗಿತ್ತು. ಹಳೆಯದರ ಮುಂದೆ ಪಾಳಿ ಬಹಳ ಇತ್ತೆಂದು ಆಕೆ ಆಚೆ ಓಣಿಗೆ ಹೋಗಿದ್ದಳು. ಇಂಥ ಗಂಡನ ಕೂಡ ಬಾಳ್ವೆ ಮಾಡುವುದೆಂದರೆ ದಿನಾ ಎರಡು ಹೊತ್ತು ಪರೀಕ್ಷೆಗೆ ಕೂತಂತೆ. ಪುಣ್ಯಕ್ಕೆ ಅವನು ವರ್ಷದ ಹತ್ತು ತಿಂಗಳು ಫೌಜಿನಲ್ಲಿರುತ್ತಿದ್ದ.

ಫೌಜು ಎಂದರೆ ಊರಿನವರ ಕಣ್ಣಿಗೆ ಬಂದೂಕು, ಬರ್ಫು, ಗಡಿ. ಮುದಕಪ್ಪ ಇಪ್ಪತ್ನಾಲ್ಕು ವರ್ಷ ಕೈಯಲ್ಲಿ ಹಿಡಿದದ್ದು ಟ್ರೇ. ಆಫೀಸರುಗಳ ಮೆಸ್ಸಿನಲ್ಲಿ ಬಿಳಿ ಕೈಗವಸು ತೊಟ್ಟು ಬಡಿಸಿದ. ಕೊನೆಯ ಹತ್ತು ವರ್ಷ ಅಲ್ಲಿಯ ಬಾರು ಅವನ ಸುಪರ್ದಿಗೇ ಇತ್ತು. ತಮ್ಮ ಲಕ್ಷ್ಮಣ ಇದನ್ನು ಊರ ತುಂಬ, "ನಮ್ಮಣ್ಣ ದೇಶಕ್ಕ ಸೋಡಾ ಹಾಕಿ ಬಂದಾನ" ಎಂದು ಹೇಳಿಕೊಂಡು ತಿರುಗುತ್ತಿದ್ದ. ಅದೇ ಲಕ್ಷ್ಮಣ, ಅಣ್ಣ ನಿವೃತ್ತನಾಗಿ ಬಂದ ಮೇಲೆ, ಫೌಜಿನ ಕ್ಯಾಂಟೀನಿನಿಂದ ಅವನಿಗೆ ಸಿಗುವ ರಮ್ ಬಾಟ್ಲಿಗೆ ತಿಂಗಳು ತಿಂಗಳು ತಪ್ಪದೆ ಬಂದು ಕೈಯೊಡ್ಡುತ್ತಿದ್ದ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮುದಕಪ್ಪ ಊರಿನಲ್ಲಿ ಒಂದು ಹನಿ ಕುಡಿದವನಲ್ಲ. "ಕುಡಿಯೂದು ಬ್ಯಾರೆ, ರುಚಿ ನೋಡೂದು ಬ್ಯಾರೆ" ಎನ್ನುತ್ತಿದ್ದ.

ರುಚಿ ನೋಡುವುದನ್ನು ಅವನಿಗೆ ಕಲಿಸಿದವರು ಒಬ್ಬ ಕರ್ನಲ್ ಸಾಹೇಬರು. ಗುಡ್ಡಗಾಡಿನ ಕಡೆಯವರು, ಸ್ಕಾಚ್ ವ್ಹಿಸ್ಕಿಯ ಹುಚ್ಚಿನವರು, ಅದರಲ್ಲೂ ಸಿಂಗಲ್ ಮಾಲ್ಟ್ ಬಿಟ್ಟು ಬೇರೆ ಮುಟ್ಟದವರು. ಸಿಂಗಲ್ ಮಾಲ್ಟ್ ಅಂದರೇನೆಂದು ಮುದಕಪ್ಪ ಹೆಂಡತಿಗೂ ತಿಳಿಸಿ ಹೇಳಿದ್ದ: "ಮೊಳಕಿ ಬರಿಸಿದ ಜವಿಗೋದಿ ಒಂದ, ಭಟ್ಟಿ ಒಂದ. ಹತ್ತ ಕಡೆ ಮಾಲ ತಂದು ಕೂಡ್ಸೂದಿಲ್ಲ. ಆಮ್ಯಾಲ ಕಟಗಿ ಪೀಪಾಯ್ದಾಗ ಹತ್ತ ವರ್ಷ, ಹದಿನೆಂಟ ವರ್ಷ ಮಲಗಿಸಿ ಬಿಡ್ತಾರ."

"ಯಾಕ, ಅದಕ್ಕ ಮೈಯಾಗ ಹುಷಾರ ಇರೂದಿಲ್ಲೇನು?" ಎಂದು ಶಟ್ಟೆವ್ವ ಕೇಳಿದ್ದಳು.

ಒಂದು ದಿನ ಸಾಹೇಬರು ಮುದಕಪ್ಪನ ಕಣ್ಣು ಮುಚ್ಚಿಸಿ ಒಂದು ಚಮಚ ನಾಲಿಗೆಗೆ ಹಾಕಿ ಏನೇನು ಬರುತ್ತದೆ ಹೇಳು ಎಂದರಂತೆ. ಮುದಕಪ್ಪ ಹರಕು ಮುರುಕು ಹಿಂದಿಯಲ್ಲಿ ಹೇಳಿದ: ಮಳೆಗಾಲದಲ್ಲಿ ಹಸಿ ಕುಳ್ಳು ಒಲೆಗೆ ಹಾಕಿದಾಗಿನ ಹೊಗೆ, ಅದರ ಬೆನ್ನಿಗೆ ಯರಗಟ್ಟಿ ಸಂತೆಯ ಒಣಮೀನಿನ ಚೀಲ, ಎಲ್ಲಕ್ಕೂ ಕೊನೆಗೆ ದವಾಖಾನೆಯಲ್ಲಿ ಗಾಯಕ್ಕೆ ಹಚ್ಚುವ ಟಿಂಚರು. ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರಂತೆ. ಸಮುದ್ರದ ನಡುವಿನ ಯಾವುದೋ ನಡುಗಡ್ಡೆಯಲ್ಲಿ ನೆಲದೊಳಗಿನ ಕೊಳೆತ ಹುಲ್ಲಿನ ಹೆಂಟೆ ಸುಟ್ಟು, ಆ ಹೊಗೆಯಲ್ಲಿ ಕಾಳು ಒಣಗಿಸಿ ಮಾಡಿದ ಮಾಲು ಅದು. ಅದರ ರುಚಿ ಹೀಗಿರುತ್ತದೆಂದು ಪುಸ್ತಕದಲ್ಲಿ ಬರೆದದ್ದನ್ನೇ ಮನೋಳಿಯ ಮುದಕಪ್ಪ ಕುಳ್ಳು ಮತ್ತು ಒಣಮೀನಿನಲ್ಲಿ ಹೇಳಿದ್ದ.

ಅಲ್ಲಿಂದ ಮುಂದೆ ಮೆಸ್ಸಿಗೆ ಅತಿಥಿಗಳು ಬಂದರೆ ಸಾಹೇಬರು ಅವನನ್ನು ಕರೆಸುವರು. ಮೂರು ಗ್ಲಾಸು ಇಡುವರು. ಅವನು ಮೂಸಿ, ಚಮಚದಷ್ಟು ಬಾಯಿಗೆ ಹಾಕಿ, ಇದು ಇಂಥದ್ದು, ಇದು ಇಷ್ಟು ವರ್ಷದ್ದು ಎನ್ನುವನು. ಜನ ಚಪ್ಪಾಳೆ ಹೊಡೆಯುವರು. ರಜೆಗೆ ಬಂದಾಗ ಇದನ್ನು ಹೇಳುವಾಗ ಮುದಕಪ್ಪನ ಮುಖ ಬೆಳಗುತ್ತಿತ್ತು. ಶಟ್ಟೆವ್ವನಿಗೆ ಮಾತ್ರ ಕರಡಿ ಆಡಿಸುವವನು ಕಣ್ಣೆದುರು ಬರುತ್ತಿದ್ದ. ಗಂಡನಿಗೆ ಹೇಳಲಿಲ್ಲ. ಮನುಷ್ಯನಿಗೆ ಇರುವುದೊಂದು ಹೆಮ್ಮೆ, ಅದಕ್ಕೇಕೆ ಚುಚ್ಚುವುದು?

ನಿವೃತ್ತಿಯಾಗುವ ದಿನ ಸಾಹೇಬರು ಹದಿನೆಂಟು ವರ್ಷದ ಒಂದು ಬಾಟ್ಲಿ ಕೊಟ್ಟರು. ಅದೇ ಹೊಗೆಯ ಮಾಲು. ಮುಚ್ಚಳ ತೆಗೆದಿತ್ತು, ಒಂದು ಪೆಗ್ಗು ಕಡಿಮೆ ಇತ್ತು. "ಒಂದು ನಿನ್ನ ಹೆಸರಿನಲ್ಲಿ ನಾನು ಕುಡಿದೆ. ಉಳಿದದ್ದನ್ನು ನಿನ್ನ ಊರಿಗೆ ಬಂದು, ನಿನ್ನ ಹೊಲದಲ್ಲಿ ಎರಡು ಕುರ್ಚಿ ಹಾಕಿ, ಇಬ್ಬರೂ ಕೂತು ಮುಗಿಸೋಣ" ಎಂದರಂತೆ. ಮುದಕಪ್ಪ ಇದನ್ನು ನೂರು ಸಲ ಹೇಳಿರಬೇಕು. "ಎರಡ ಕುರ್ಚಿ ಅಂದ್ರು, ಕೇಳಿದ್ಯಿಲ್ಲೋ? ಇಪ್ಪತ್ನಾಕ ವರ್ಷ ಅವರ ಮುಂದ ನಾ ಕುಂತಿಲ್ಲ." ಯರಗಟ್ಟಿಗೆ ಹೋಗಿ ಕೈ ಇರುವ ಎರಡು ಕುರ್ಚಿಯನ್ನೂ ತಂದ. ಲಕ್ಷ್ಮಣ ನೋಡಿ ನಕ್ಕ. "ಸಾಹೇಬ ಮಂದಿ ನೌಕರಗ ತುಂಬಿದ ಬಾಟ್ಲಿ ಕೊಡ್ತಾರೇನೋ ಅಣ್ಣಾ? ಬಣ್ಣದ ನೀರ ತುಂಬಿಸಿ ಕೊಟ್ಟಿರಬೇಕು, ತಗದು ನೋಡು."

ಮುದಕಪ್ಪ ತೆಗೆಯಲಿಲ್ಲ. ಮೆಸ್ಸಿನ ರಿವಾಜಿನಂತೆ ಬಾಟ್ಲಿಗೆ ಅಂಟಿಸಿದ ಚೀಟಿಯ ಮೇಲೆ ಮಾಲು ಇದ್ದ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದ. ಅಲ್ಲಿ ಪ್ರತಿ ದಿನ ಬಾರು ಮುಚ್ಚುವಾಗ ಎಲ್ಲ ಬಾಟ್ಲಿಗೂ ಹೀಗೆ ಗೆರೆ ಹಾಕುವುದಂತೆ, ಯಾರಾದರೂ ಕದ್ದರೆ ಗೊತ್ತಾಗಲೆಂದು. ಬಾಟ್ಲಿಯನ್ನು ಕರಿ ಟ್ರಂಕಿನಲ್ಲಿಟ್ಟ. ತಿಂಗಳಿಗೊಮ್ಮೆ ತೆಗೆದು ಗೆರೆ ನೋಡಿ, ಒರೆಸಿ, ಮತ್ತೆ ಇಡುವನು. ಗೆರೆಯನ್ನು ದಾಟುವ ಕಳ್ಳರ ಉಪಾಯವನ್ನೂ ನಗುತ್ತ ಹೆಂಡತಿಗೆ ಹೇಳಿದ್ದ: "ಪೆಗ್ ಕುಡದು ಅಷ್ಟ ಕರಿ ಚಾ ಹಾಕಿಡ್ತಿದ್ರು ಮಕ್ಳು. ಬಣ್ಣಾನೂ ಅದ, ಗೆರಿನೂ ಅಲ್ಲೆ."

ಸಾಹೇಬರು ಮೊದಲೆರಡು ವರ್ಷ ಹೊಸ ವರ್ಷಕ್ಕೆ ಫೋನು ಮಾಡಿದರು. ಆಮೇಲೆ ಮೊಬೈಲಿಗೆ ಹೂವಿನ ಚಿತ್ರ ಬಂತು. ಆಮೇಲೆ ಅದೂ ಇಲ್ಲ.

ಈಗ ಶಟ್ಟೆವ್ವನ ಕಡೆಯ ಮಾತು. ಆಕೆ ಓಣಿಯ ಬಾಣಂತಿಯರಿಗೆ, ಕೂಸುಗಳಿಗೆ ಎರೆಯುವವಳು. ಎಣ್ಣೆ ಹಚ್ಚಿ, ತಿಕ್ಕಿ, ಸುಡುಸುಡು ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು ಮಲಗಿಸಿದರೆ ಅವಳ ಕೈಯ ಕೂಸು ಮೂರು ತಾಸು ಏಳುವುದಿಲ್ಲ ಎಂಬ ಹೆಸರಿತ್ತು. ಕೊರೊನಾದ ಲಾಕ್‌ಡೌನಿನಲ್ಲಿ ನೆರೆಮನೆಯ ಕೃಷ್ಣವ್ವನ ಸೊಸೆ ಪೂನಮ್ ಹಡೆದಳು. ಎಂಟನೆಯ ದಿನ ಅವಳಿಗೆ ಥಂಡಿ ಹತ್ತಿ ಹಲ್ಲು ಕಟಕಟ ಅನ್ನತೊಡಗಿದವು. ಇಂಥ ಹೊತ್ತಿಗೆ ಬಿಸಿನೀರಿನಲ್ಲಿ ಒಂದು ಚಮಚ ಬ್ರಾಂಡಿ, ಅಂಗಾಲಿಗೂ ಅಷ್ಟು ಬ್ರಾಂಡಿ ಎಂಬುದು ನಮ್ಮ ಕಡೆಯ ಹೆಂಗಸರ ವೈದ್ಯ. ಡಾಕ್ಟರು ಕೇಳಿದರೆ ಬೈಯುತ್ತಾರೆ, ಅದಕ್ಕೇ ಡಾಕ್ಟರಿಗೆ ಹೇಳುವುದಿಲ್ಲ. ಆದರೆ ಅಂಗಡಿಗಳೆಲ್ಲ, ಫೌಜಿನ ಕ್ಯಾಂಟೀನು ಸಹ, ಬಂದ್ ಆಗಿದ್ದವು. ಕೃಷ್ಣವ್ವ ಬಾಗಿಲಲ್ಲಿ ನಿಂತು ಅತ್ತಳು. ಮುದಕಪ್ಪ ಹೊಲಕ್ಕೆ ಹೋಗಿದ್ದ. ಶಟ್ಟೆವ್ವ ಟ್ರಂಕು ತೆಗೆದಳು.

ನಡುಕ ನಿಂತಿತು. ಮಾಲಿನಿಂದ ನಿಂತಿತೋ, ಮೇಲೆ ಹೊದಿಸಿದ ಮೂರು ಕೌದಿಯಿಂದ ನಿಂತಿತೋ ದೇವರೇ ಬಲ್ಲ. ಹೆಂಗಸರ ಬಾಯಲ್ಲಿ ಮಾತ್ರ ಅದು "ಮಿಲ್ಟ್ರಿ ಔಷಧ" ಆಗಿಹೋಯಿತು. ಗಂಡಸರಿಗೆ ಗೊತ್ತಾಗಬಾರದು ಎಂದು ಒಬ್ಬರಿಗೊಬ್ಬರು ಆಣೆ ಹಾಕಿಕೊಂಡು ಎಲ್ಲರಿಗೂ ಹೇಳಿದರು. ಬಾಣಂತಿಗೆ ಥಂಡಿ ಎಂದರೆ ಶಟ್ಟೆವ್ವ, ಕೂಸಿನ ಅಂಗಾಲು ತಣ್ಣಗಾಗಿದೆ ಎಂದರೆ ಶಟ್ಟೆವ್ವ. ಎರಡು ಮಳೆಗಾಲದಲ್ಲಿ ಒಂದೇ ಓಣಿಯಲ್ಲಿ ಆರೇಳು ಬಾಣಂತನ ನಡೆದವು. ಹದಿನೆಂಟು ವರ್ಷ ಪರದೇಶದ ಪೀಪಾಯಿಯಲ್ಲಿ ಮಲಗಿದ್ದ ಮಾಲು ಮನೋಳಿಯ ಹೆಂಗಸರ ಹಿಮ್ಮಡಿಗೆ ಇಳಿದು ಹೋಯಿತು. ತೆಗೆದಷ್ಟಕ್ಕೂ ಶಟ್ಟೆವ್ವ ಕರಿ ಚಾ ಕಾಸಿ, ಸೋಸಿ, ಆರಿಸಿ ಹಾಕುತ್ತ ಬಂದಳು. ಗೆರೆ ಅಲ್ಲೇ ಇತ್ತು. ಮುದಕಪ್ಪ ತಿಂಗಳು ತಿಂಗಳು ನೋಡಿ ಸಮಾಧಾನಪಡುತ್ತಿದ್ದ. ಆಕೆಗೆ ಇದು ಪಾಪವೆಂದು ಅನ್ನಿಸಿಯೇ ಇರಲಿಲ್ಲ. ಸಾಹೇಬರು ಬರುವವರಲ್ಲ, ಇವನು ಕುಡಿಯುವವನಲ್ಲ, ಟ್ರಂಕಿನಲ್ಲಿ ಕೊಳೆಯುವುದಕ್ಕಿಂತ ಒಬ್ಬರ ಮೈಗಾದರೂ ಆಗಲಿ. ಇಷ್ಟೇ ಅವಳ ಲೆಕ್ಕ.

ಹೋದ ವರ್ಷ ಮುದಕಪ್ಪನ ನಾಲಿಗೆಯ ಬದಿಗೆ ಒಂದು ಹುಣ್ಣಾಯಿತು. ತಾಸುಗಟ್ಟಲೆ ನಿಲ್ಲುವ ನೌಕರಿಯಲ್ಲಿ ಬಾಯೊಳಗೆ ತಂಬಾಕು ಇಟ್ಟುಕೊಳ್ಳುವ ಚಟ ಹತ್ತಿತ್ತು. ಇಂಥ ನಾಲಿಗೆಗೆ ಸುಣ್ಣ ಬಳಿಯುತ್ತೀಯಲ್ಲೋ ಎಂದು ಸಾಹೇಬರೂ ಬೈದಿದ್ದರು. ಹುಣ್ಣು ಮಾಯಲಿಲ್ಲ. ಬೆಳಗಾವಿಯ ದೊಡ್ಡ ದವಾಖಾನೆಯ ಡಾಕ್ಟರು ತಪಾಸಣೆ ಮಾಡಿ ಮಗಳು ರಂಜನಾಳನ್ನು ಹೊರಗೆ ಕರೆದರು. ಮುದಕಪ್ಪ ಅವರನ್ನು ತಡೆದು, "ನನ್ನ ಮುಂದ ಹೇಳ್ರಿ, ನಾಲಿಗಿ ನಂದು" ಎಂದ. ಅವರು ಹೇಳಿದರು: ಮುಕ್ಕಾಲು ನಾಲಿಗೆ ತೆಗೆಯಬೇಕು. ಆಮೇಲೆ ಕ್ಯಾನ್ಸರಿನ ಬೇರು ಸುಡುವ ಕರೆಂಟು ಕೊಡಬೇಕು. ಮಾತು ಬರುವುದು ಅನುಮಾನ, ರುಚಿಯ ಮಾತಂತೂ ಬಿಡಿ.

ಬಸ್ಸಿನಲ್ಲಿ ಬರುವಾಗ ಯರಗಟ್ಟಿ ದಾಟಿದ ಮೇಲೆ ಅವನು ಹೆಂಡತಿಗೆ, "ಸೋಮವಾರ ಹೋಗೂದೈತಿ. ರವಿವಾರ ಆ ಬಾಟ್ಲಿ ತಗೀತೇನಿ" ಎಂದ.

ಶಟ್ಟೆವ್ವ ಥಟ್ಟನೆ ಅವನ ಕಡೆ ತಿರುಗಿದಳು. "ಸಾಹೇಬರ ಕೂಡ ಅಂತಿದ್ರಿ?"

"ಹುಣ್ಣ ಆದಾಗನ ರಂಜನಾ ಮೆಸೇಜ್ ಹಾಕ್ಯಾಳ. ಉತ್ತರ ಇಲ್ಲ. ಅವರು ಬರ್ಲಿಲ್ಲಂದ್ರ ಏನಾತು, ಮಾಲ ಐತೆಲ್ಲ. ಹೋಗೂ ಮುಂದ ನಾಲಿಗಿಗೆ ಒಮ್ಮಿ ಅದನ್ನ ತೋರಸ್ತೇನಿ."

ಆ ನಾಲ್ಕು ದಿನ ಶಟ್ಟೆವ್ವ ಹೇಳಲು ಬಾಯಿ ತೆರೆದದ್ದೆಷ್ಟು ಸಲ, ಮುಚ್ಚಿದ್ದೆಷ್ಟು ಸಲ. ಅವನು ಹಲ್ಲುಜ್ಜುವ ಪುಡಿಯನ್ನೂ ಬಿಟ್ಟು ಬರೀ ನೀರಿನಿಂದ ಬಾಯಿ ತೊಳೆಯುತ್ತಿದ್ದ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿಟ್ಟ. ನೋವಿನ ನಡುವೆಯೂ ಮದುಮಗನ ಹಾಗೆ ಇದ್ದ. ಅದನ್ನು ನೋಡಿ ಆಕೆಯ ಧೈರ್ಯವೆಲ್ಲ ಉಡುಗಿತು. ಎಷ್ಟೆಂದರೂ ಅಷ್ಟಿಷ್ಟು ಅಸಲು ಮಾಲು ಉಳಿದಿರಬಹುದು, ಹುಣ್ಣಿನ ಬಾಯಿಗೆ ಗೊತ್ತಾಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗಂಡನ ನಾಲಿಗೆಯ ಮೇಲೆ ಆಕೆ ಅನುಮಾನಪಟ್ಟದ್ದು ಅದೊಂದೇ ಸಲ.

ರವಿವಾರ ಮುಂಜಾನೆ ಹನ್ನೊಂದಕ್ಕೆ, ಹೊಟ್ಟೆ ಹಸಿದಿರುವಾಗಲೇ ನಾಲಿಗೆ ಎಚ್ಚರ ಇರುತ್ತದೆಂದು, ಪಡಸಾಲೆಯಲ್ಲಿ ಎರಡು ಕುರ್ಚಿ ಹಾಕಿದ. ಒಂದರಲ್ಲಿ ತಾನು ಕೂತ. ಇನ್ನೊಂದಕ್ಕೆ ಬೇರೆ ಯಾರೂ ಇಲ್ಲದೆ ಲಕ್ಷ್ಮಣನನ್ನು ಕರೆಸಿದ. ಸ್ಟೀಲಿನ ಲೋಟಕ್ಕೆ ವಾಸನೆ ಇರುತ್ತದೆಂದು ಎರಡು ಗಾಜಿನ ಗ್ಲಾಸನ್ನು ಸಾಬೂನಿಲ್ಲದೆ ಬಿಸಿನೀರಿನಲ್ಲಿ ತೊಳೆದು, ಇಸ್ತ್ರಿ ಮಾಡಿದ ಬಿಳಿ ಅರಿವೆಯಿಂದ ತಾನೇ ಒರೆಸಿದ. ಗೆರೆಯನ್ನು ತಮ್ಮನಿಗೆ ತೋರಿಸಿದ. "ನೋಡು, ಹತ್ತ ವರ್ಷ ಆತು. ಒಂದ ಕೂದಲೆಳಿ ಇಳದಿಲ್ಲ." ಶಟ್ಟೆವ್ವ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಗುಟುಕಿಸಬ್ಯಾಡ," ಎಂದು ಮುದಕಪ್ಪ ತಮ್ಮನಿಗೆ ಪಾಠ ಹೇಳಿದ. "ಮದಲ ಬೆಳಕಿಗೆ ಹಿಡಿ. ಗ್ಲಾಸ್ ವಾಲಿಸು. ಒಳ್ಳೆ ಮಾಲಿದ್ರ ಗಾಜಿನ ಮ್ಯಾಲಿಂದ ಸಾವಕಾಶ ಹನಿ ಹನಿ ಇಳೀತೈತಿ. ಆಮ್ಯಾಲ ಬಾಯಿ ಸ್ವಲ್ಪ ತಗದು ಮೂಸು. ಮೂರ ಸಲ. ಆಮ್ಯಾಲ ಎರಡ ಹನಿ ನೀರ. ಬಾಯಾಗ ಇಟ್ಕೊಂಡು ಅದರ ವಯಸ್ಸಿನಷ್ಟ ಎಣಸು, ಹದಿನೆಂಟು. ಆವಾಗ ನುಂಗು."

ಅವನು ಗ್ಲಾಸನ್ನು ಬಾಗಿಲ ಬೆಳಕಿಗೆ ಹಿಡಿದ. ವಾಲಿಸಿದ. ನೀರು ಜಾರಿದಂತೆ ಜಾರಿ ಗಾಜು ಖಾಲಿಯಾಯಿತು. ಹುಬ್ಬು ಸ್ವಲ್ಪ ಗಂಟಾದದ್ದನ್ನು ಶಟ್ಟೆವ್ವ ಕಂಡಳು. ಮೂಸಿದ. ಇನ್ನೊಮ್ಮೆ ಮೂಸಿದ. ಮೂರನೆಯ ಸಲ ಬಹಳ ಹೊತ್ತು ಮೂಸಿದ. ಹುಣ್ಣಿಗೆ ಬೆಂಕಿ ಬೀಳುತ್ತದೆಂದು ಗೊತ್ತಿದ್ದವನು ಎಡಗೈಯಿಂದ ಕುರ್ಚಿಯ ಕೈಯನ್ನು ಗಟ್ಟಿ ಹಿಡಿದು, ಕಣ್ಣು ಮುಚ್ಚಿ, ಒಂದು ಚಮಚದಷ್ಟು ಬಾಯಿಗೆ ಬಿಟ್ಟುಕೊಂಡ.

ಉರಿಯಲಿಲ್ಲ.

ಹದಿನೆಂಟರವರೆಗೂ ಎಣಿಸಿದ. ತುಟಿ ಅಲ್ಲಾಡುವುದು ಕಾಣುತ್ತಿತ್ತು. ನುಂಗಿದ. ಕಣ್ಣು ತೆರೆದು ಗ್ಲಾಸನ್ನು ನೆಲಕ್ಕಿಟ್ಟ.

"ಚಾ ನೀರು," ಎಂದ. "ತಳಕ್ಕೆಲ್ಲೋ ಹೊಗಿ ಐತಿ, ಒಂದೀಟ. ಖಾಲಿ ಬಾಟ್ಲಿ ತೊಳೀಲಾರದ ಚಾ ತುಂಬ್ಯಾರ."

ಲಕ್ಷ್ಮಣ ಗಟಗಟ ಕುಡಿದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಹೇಳಿರ್ಲಿಲ್ಲೇನೋ ಅಣ್ಣಾ! ಹತ್ತ ವರ್ಷ ಚಾ ಕಾದ್ಯೆಲ್ಲೋ! ವೈನೀ, ಸಕ್ರಿ ತರ್ರಿ, ಸಾಹೇಬ ಸಕ್ರಿ ಹಾಕೂದ ಮರತಾನ!" ಆಮೇಲೆ ಅಣ್ಣನ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. ಆದರೂ ಹೋಗುವಾಗ ಹೊರಗಿನಿಂದ ಮತ್ತೊಮ್ಮೆ ನಕ್ಕದ್ದು ಕೇಳಿಸಿತು.

ಆ ಕ್ಷಣದಲ್ಲೇ ಹೇಳಬೇಕಿತ್ತು. ಮೈದುನನ ಮುಂದೆ ಬಾಣಂತಿಯರ ಗುಟ್ಟು ಹೇಗೆ ಒಡೆಯುವುದೆಂದು ಶಟ್ಟೆವ್ವ ತಡೆದಳು. ಅವನು ಹೋದ ಮೇಲೆ ಗಂಡ ಅಂಗಳಕ್ಕೆ ಹೋಗಿ ಒಬ್ಬನೇ ಕೂತ. ಒಂದು ತಾಸು ಕಳೆದ ಮೇಲೆ ಆಕೆ ಹೋಗಿ ಅವನ ಕಾಲ ಬಳಿ ಕುಸಿದಳು.

"ರೀ, ಸಾಹೇಬರ ತಪ್ಪಿಲ್ಲ. ನಾ ಮಾಡೇನ್ರಿ. ಪೂನಮ್‌ನ ಬಾಣಂತನದಾಗ ತಗದೆ. ಆಮ್ಯಾಲ ಎಲ್ಲಾರಿಗೂ ಕೊಟ್ಟೆ. ಕರಿ ಚಾ ಹಾಕಿ ಗೆರಿಗೆ ತಂದೆ. ನೀವ ಹೇಳಿದ್ರೆಲ್ಲ ಆ ಉಪಾಯ."

ಮುದಕಪ್ಪ ಅವಳನ್ನೇ ನೋಡಿದ. ಸಿಟ್ಟು ಬರುತ್ತದೆಂದು ಆಕೆ ಕಾದಳು, ಬಂದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.

"ಒಂದ ತಾಸ ಕುಂತು ಇದನ್ನ ಹೊಂದಿಸಿದ್ಯೇನು?"

"ನಿಮ್ಮ ಆಣಿ ಮಾಡ್ತೇನ್ರಿ!"

"ರಮ್ಮಿನ ಬಾಟ್ಲಿ ಮುಟ್ಟಿದ್ರ ಕೈ ತೊಳಕೊಳ್ಳಾಕಿ ನೀ. ನಾಳೆ ನನ್ನ ನಾಲಿಗಿ ಕೊಯ್ತಾರಂತ ಸುಳ್ಳ ಆಣಿ ಮಾಡಬ್ಯಾಡ. ನಾ ತಿಳಕೊಂಡೇನಿ. ನೌಕರ ಅಂದ್ರ ಅವರಿಗೆ ಇಷ್ಟ. ಲಕ್ಷ್ಮಣಗ ಗೊತ್ತಿತ್ತು, ನನಗ ಗೊತ್ತಿರ್ಲಿಲ್ಲ."

ಶಟ್ಟೆವ್ವ ಓಡಿ ಹೋಗಿ ಪೂನಮ್‌ಳನ್ನೇ ಕರೆತಂದಳು. ಅವಳು ನಾಲ್ಕು ವರ್ಷದ ಮಗನನ್ನು ಕೈಹಿಡಿದು ಬಂದು, "ಖರೇನ ರೀ ಕಾಕಾ, ನಾ ಜೀವಂತ ಇರೂದ ನಿಮ್ಮ ಬಾಟ್ಲಿಯಿಂದ" ಎಂದಳು. ಹೇಳುವಾಗ ಅಳುಬಂತು. ಕಲಿಸಿಕೊಟ್ಟದ್ದನ್ನು ಹೇಳುವವರಿಗೂ ಹಾಗೆಯೇ ಅಳುಬರುತ್ತದೆ. "ಆತು ತಂಗಿ," ಎಂದ ಮುದಕಪ್ಪ. "ಎಲ್ಲಾರೂ ಕೂಡಿ ನನಗ ಸಮಾಧಾನ ಮಾಡಾಕತ್ತೀರಿ. ಭಾಳ ದೊಡ್ಡ ಮನಸ್ಸು." ಅಷ್ಟು ಹೇಳಿ ಬಾಟ್ಲಿಯನ್ನು ಮೋರಿಗೆ ಸುರಿದ. ತನ್ನ ನಾಲಿಗೆ ಎಂದೂ ತಪ್ಪಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದು ಚಾ ಎಂದು ಹೇಳಿತ್ತು, ಚಾ ಇತ್ತು. ಯಾರು ಹಾಕಿದರು ಎಂಬುದನ್ನು ನಾಲಿಗೆ ಹೇಳುವುದಿಲ್ಲವಲ್ಲ.

ಸೋಮವಾರ ದವಾಖಾನೆಗೆ ಸೇರಿಸಿದರು, ಗುರುವಾರ ಕೊಯ್ದರು. ಮೂಗಿನಿಂದ ನಳಿಕೆ ಇಳಿಸಿ ಗಂಜಿ ಹಾಕುವುದು ಶಟ್ಟೆವ್ವನ ಪಾಲಿಗೆ ಬಂತು. ಏನಾದರೂ ಬೇಕಾದರೆ ಬರೆಯಲು ರಂಜನಾ ಒಂದು ಪಾಟಿ ತಂದುಕೊಟ್ಟಿದ್ದಳು. ಪ್ರತಿ ದಿನ ಗಂಜಿ ಹಾಕಿ ಮುಗಿಸಿ ಶಟ್ಟೆವ್ವ ಅದೇ ಮಾತು ಹೇಳುವಳು, "ನಾನ ರೀ, ನಾನ ಮಾಡಿದ್ದು." ಅವನು ಕಣ್ಣು ಮುಚ್ಚಿಕೊಳ್ಳುವನು.

ಒಂಬತ್ತನೆಯ ದಿನ ಮಧ್ಯಾಹ್ನ ಸಾಹೇಬರ ಫೋನು ಬಂತು, ಮುಖ ಕಾಣುವ ಫೋನು. ತಲೆಯೆಲ್ಲ ಬೆಳ್ಳಗಾಗಿತ್ತು. ಪರದೇಶದಲ್ಲಿ ಮಗಳ ಮನೆಯಲ್ಲಿದ್ದರಂತೆ, ಮೆಸೇಜು ಈಗ ನೋಡಿದರಂತೆ. ರಂಜನಾ ಹಿಡಿದ ಮೊಬೈಲನ್ನು ಕಂಡದ್ದೇ ಮುದಕಪ್ಪ ಮಲಗಿದಲ್ಲೇ ಸಲಾಮು ಹೊಡೆದ. ಸಾಹೇಬರು ಹಿಂದಿಯಲ್ಲಿ ಏನೋ ಕೇಳಿದರು. ರಂಜನಾ ಅವ್ವನ ಕಡೆ ತಿರುಗದೆ ಸಣ್ಣಗೆ ಹೇಳಿದಳು, "ಬಾಟ್ಲಿ ತಗದ್ಯೇನು, ಹೆಂಗಿತ್ತು ಅಂತ ಕೇಳಾಕತ್ತಾರ."

"ಕೇಳ ಅವರನ್ನ!" ಎಂದು ಶಟ್ಟೆವ್ವ ಮಗಳ ಸೀರೆ ಜಗ್ಗಿದಳು. "ಒಳಗ ಏನಿತ್ತು ಅಂತ ಕೇಳು, ಅಪ್ಪಗ ಕೇಳಿಸ್ಲಿ."

"ಅವ್ವಾ, ಅಂಥಾ ಮನಷ್ಯಾಗ ನೀವ ಚಾ ಕೊಟ್ರೇನ್ರಿ ಅಂತ ಹೆಂಗ ಕೇಳ್ಲಿ? ಇಲ್ಲ ಅಂದ್ರ ಅಪ್ಪ ನಂಬ್ತಾನೇನು?"

ಅಷ್ಟರಲ್ಲಿ ಮುದಕಪ್ಪ ಪಾಟಿ ತೆಗೆದುಕೊಂಡು ಬರೆದಿದ್ದ. ರಂಜನಾ ಅದನ್ನು ಹಿಂದಿಯಲ್ಲಿ ಹೇಳಿದಳು: ಬಹಳ ಚಲೋ ಇತ್ತು ಸಾಹೇಬ. ಹೊಗೆ ಬಂತು, ಒಣಮೀನು ಬಂತು, ಟಿಂಚರೂ ಬಂತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸ್ವಂತ ಮಗನಿಗೂ ಕೊಡದೆ ಅದನ್ನು ನಿನಗೆ ಇಟ್ಟಿದ್ದೆ, ಸರಿಯಾದವನ ಬಾಯಿಗೇ ಬಿತ್ತು ಎಂದರು. ಮುದಕಪ್ಪ ತಲೆಯಾಡಿಸ್ಯಾಡಿಸಿ ಕೇಳಿದ. ಮತ್ತೊಮ್ಮೆ ಸಲಾಮು ಹೊಡೆದ. ಫೋನು ಮುಗಿಯಿತು.

ಅವನು ಪಾಟಿ ಒರೆಸಿ ಇನ್ನೇನೋ ಬರೆದು ಹೆಂಡತಿಯ ಕಡೆ ಚಾಚಿದ. ಶಟ್ಟೆವ್ವ ಅಕ್ಷರ ಕಲಿತವಳಲ್ಲ. ಮಗಳೇ ಓದಿ ಹೇಳಬೇಕಾಯಿತು.

"'ಸಾಹೇಬರನ್ನ ನಾ ಮಾಫ್ ಮಾಡೇನಿ. ಇನ್ನ ಮ್ಯಾಲ ನೀ ನನ್ನ ಸಲುವಾಗಿ ಸುಳ್ಳ ಹೇಳೂದ ಬಿಡು' ಅಂತ ಬರದಾನವ್ವಾ."

ಶಟ್ಟೆವ್ವ ವಾರ್ಡು ಎಂಬುದನ್ನೂ ಮರೆತು ಬಾಯಿ ಬಿಟ್ಟು ಅತ್ತಳು. ಪಕ್ಕದ ಮಂಚದವರ ಹೆಂಗಸರು ಆಕೆ ಗಂಡನ ನಾಲಿಗೆಗಾಗಿ ಅಳುತ್ತಿದ್ದಾಳೆಂದು ತಿಳಿದು, ಸಮಾಧಾನ ಮಾಡಲು ಎದ್ದು ಬಂದರು.